ಮೂರನೆಯ ಮಗ್ಗ

ಹತ್ತನ್ನು ಸೊನ್ನೆಯಿಂದ ಭಾಗಿಸಿದರೆ ಎಷ್ಟು? ಸಾಲಿಯಲ್ಲಿ ನಮ್ಮ ಮಾಸ್ತರರು ‘ಹಾಂಗ ಭಾಗಸಬಾರದು’ ಅಂದು ಮುಂದಿನ ಲೆಕ್ಕಕ್ಕೆ ಹೋಗಿಬಿಡುತ್ತಿದ್ದರು. ಇದೇ ಪ್ರಶ್ನೆಯನ್ನು ನಾನು ಮೂರು ಜಾತಿಯ ಪ್ರೊಸೆಸರ್‌ಗಳಿಗೆ ಕೇಳಿದ್ದೇನೆ. ನನ್ನ ಲ್ಯಾಪ್‌ಟಾಪಿನೊಳಗಿರುವ ಎಕ್ಸ್86 ಕೆಲಸವನ್ನೇ ನಿಲ್ಲಿಸಿಬಿಡುತ್ತದೆ; ಲಿನಕ್ಸ್ ಆ ಪ್ರೋಗ್ರಾಮನ್ನು ಅಲ್ಲೇ ಕೊಂದು ‘ಫ್ಲೋಟಿಂಗ್ ಪಾಯಿಂಟ್ ಎಕ್ಸೆಪ್ಶನ್’ ಎಂದು ಷರಾ ಬರೆಯುತ್ತದೆ, ಲೆಕ್ಕದಲ್ಲಿ ದಶಾಂಶದ ಸುಳಿವೇ ಇರದಿದ್ದರೂ. ನಮ್ಮ ಮೊಬೈಲುಗಳಲ್ಲಿರುವ 64 ಬಿಟ್ಟಿನ ಆರ್ಮ್ ತಣ್ಣಗೆ ‘ಸೊನ್ನೆ’ ಎನ್ನುತ್ತದೆ. ರಿಸ್ಕ್-ಫೈವ್ ಎಂಬ ಹೊಸ ಜಾತಿಯದು ‘ಮೈನಸ್ ಒಂದು’ ಎನ್ನುತ್ತದೆ. ಮೂರೂ ತಮ್ಮ ತಮ್ಮ ಕೈಪಿಡಿಯ ಪ್ರಕಾರ ಸರಿಯಾಗಿಯೇ ನಡೆದುಕೊಂಡಿವೆ. ಸಿ ಭಾಷೆಯ ನಿಯಮಪುಸ್ತಕವಂತೂ ‘ಹೀಗೆ ಮಾಡಿದರೆ ಏನಾಗುತ್ತದೆಂದು ನಾನು ಹೇಳುವುದಿಲ್ಲ’ ಎಂಬರ್ಥದ ಮಾತಾಡಿ ಕೈ ತೊಳೆದುಕೊಂಡಿದೆ.

ಇಂಥ ಮೂರು ಯಂತ್ರಗಳಿಗೂ ಹೊಂದುವ ಒಂದು ಸಣ್ಣ ಸಿ ಕಂಪೈಲರ್ ಬರೆಯುವುದು ನನ್ನ ಪಿಎಚ್‌ಡಿಯ ಕೆಲಸ. ಸಿ ಭಾಷೆಯಲ್ಲಿ ಬರೆದದ್ದನ್ನು ಓದಿ, ಪ್ರೊಸೆಸರ್‌ಗೆ ತಿಳಿಯುವ ಆದೇಶಗಳಾಗಿ ಇಳಿಸಿಕೊಡುವ ಪ್ರೋಗ್ರಾಮೇ ಕಂಪೈಲರ್. ಮೊದಲ ವರ್ಷ ಗೈಡ್ ಕೇಳಿದ್ದರು: “ಯಾಕಮ್ಮ ಇದು? ಜಿಸಿಸಿ ಇದೆ, ಎಲ್‌ಎಲ್‌ವಿಎಮ್ ಇದೆ. ಜಗತ್ತಿನಲ್ಲಿರೋ ಪ್ರೊಸೆಸರ್‌ಗಳಿಗೆಲ್ಲ ಅವು ಸಾಕಲ್ಲ?” ಸಾಕು, ಅದರಲ್ಲಿ ವಾದವಿಲ್ಲ. ಆದರೆ ಅವುಗಳ ಒಳಗಿರುವುದು ಲಕ್ಷಾಂತರ ಸಾಲುಗಳ ಕೋಡು. ಒಬ್ಬರೇ ಕೂತು ಮೊದಲಿಂದ ಕೊನೆಯವರೆಗೆ ಓದಿ ಮುಗಿಸುವಂಥದ್ದಲ್ಲ. ನನಗೆ ಬೇಕಿದ್ದದ್ದು ನಮ್ಮ ಜಿಲ್ಲೆಯ ಯಾವುದಾದರೂ ಎಂಜಿನಿಯರಿಂಗ್ ಕಾಲೇಜಿನ ಹುಡುಗಿಯೊಬ್ಬಳು ಒಂದು ಸೆಮಿಸ್ಟರಿನಲ್ಲಿ ಪೂರ್ತಿ ಓದಿ, ‘ಓಹೋ, ಹೀಗಾ’ ಅನ್ನಬಹುದಾದ ಕಂಪೈಲರ್. ಅದಕ್ಕಾಗಿ 10,000 ಸಾಲು ದಾಟಬಾರದೆಂದು ನಾನೇ ಒಂದು ಗೆರೆ ಎಳೆದುಕೊಂಡೆ. ಒಂದು ಪ್ರೊಸೆಸರ್ ಇರುವವರೆಗೆ ಆ ಗೆರೆ ದೂರದಲ್ಲಿತ್ತು. ಎರಡನೆಯದು ಬಂದಾಗ ಹತ್ತಿರವಾಯಿತು. ಮೂರನೆಯದು ಬಂದಾಗ ತಲೆನೋವಾಯಿತು.

ಕೇಳಲು ಇದು ಸರಳ. ಕಂಪೈಲರನ್ನು ನಡುವೆ ಕತ್ತರಿಸುವುದು. ಮುಂದಿನ ಅರ್ಧ ಭಾಷೆಯನ್ನು ಓದಿ, ಯಾವ ಯಂತ್ರದ್ದೂ ಅಲ್ಲದ ಒಂದು ನಡುರೂಪ ಮಾಡುತ್ತದೆ. ಹಿಂದಿನ ಅರ್ಧ ಆ ನಡುರೂಪವನ್ನು ಒಂದೊಂದು ಯಂತ್ರಕ್ಕೆ ಇಳಿಸುತ್ತದೆ. ಹೊಸ ಯಂತ್ರ ಬಂದರೆ ಹಿಂದಿನ ಅರ್ಧವೊಂದನ್ನೇ ಹೊಸದಾಗಿ ಬರೆದರೆ ಸಾಕು. ಎಲ್ಲ ಪಠ್ಯಪುಸ್ತಕಗಳಲ್ಲೂ ಮೂರು ಡಬ್ಬಿ, ಎರಡು ಬಾಣಗಳ ಚಿತ್ರ ಇರುತ್ತದೆ. ಎಲ್ಲಿ ಕತ್ತರಿಸಬೇಕು ಎಂಬುದನ್ನು ಮಾತ್ರ ಆ ಚಿತ್ರ ಹೇಳುವುದಿಲ್ಲ.

ಅದನ್ನು ನನಗೆ ಮೊದಲು ತೋರಿಸಿದ್ದು ಬನಹಟ್ಟಿಯ ನಮ್ಮ ಕಾಕಾ. ರಬಕವಿ-ಬನಹಟ್ಟಿ ನೇಕಾರರ ಊರು. ಮೊದಲು ಜಮಖಂಡಿ ತಾಲೂಕಿನಲ್ಲಿತ್ತು, ಈಗ ತನ್ನದೇ ತಾಲೂಕು. ಬೆಳಗ್ಗೆ ಬಸ್ಸಿಳಿದರೆ ಓಣಿ ಓಣಿಯಲ್ಲೂ ಪಾವರ್‌ಲೂಮಿನ ಖಟಖಟ. ಕಾಕಾ ನೇಯುವುದಿಲ್ಲ, ಸೀರೆಯ ಸೆರಗು, ದಡಿ, ಬೂಟಾಗಳ ಚಿತ್ರವನ್ನು ಗ್ರಾಫಿನ ಮೇಲೆ ಬರೆದು, ಅದನ್ನು ನೋಡಿ ಜಕಾರ್ಡ್ ಕಾರ್ಡುಗಳಿಗೆ ತೂತು ಹೊಡೆದುಕೊಡುತ್ತಾನೆ. ಗ್ರಾಫಿನ ಒಂದು ಅಡ್ಡಸಾಲು ಎಂದರೆ ಹೊಕ್ಕಿನ ಒಂದು ಎಳೆ, ಅದಕ್ಕೊಂದು ಕಾರ್ಡು. ಬಣ್ಣ ತುಂಬಿದ ಚೌಕಕ್ಕೆ ತೂತು. ತೂತಿದ್ದಲ್ಲಿ ಸೂಜಿ ಒಳಹೋಗುತ್ತದೆ, ಅದರ ಹುಕ್ ಹಾಸಿನ ಎಳೆಯನ್ನು ಮೇಲೆತ್ತುತ್ತದೆ. ತೂತಿಲ್ಲದಲ್ಲಿ ಎಳೆ ಕೆಳಗೇ ಉಳಿಯುತ್ತದೆ.

ಲಿಯಾನ್ ನಗರದ ಜಕಾರ್ಡ್ 1804ರ ಹೊತ್ತಿಗೆ ಮಾಡಿದ ಮಗ್ಗದಿಂದಲೇ ಬ್ಯಾಬೇಜ್‌ಗೆ ಕಾರ್ಡಿನ ಕಲ್ಪನೆ ಬಂತು, ಅಲ್ಲಿಂದ ಕಂಪ್ಯೂಟರ್ ಬಂತು ಎಂಬ ಕತೆ ಎಲ್ಲರಿಗೂ ಗೊತ್ತು. ನೇಕಾರರ ಊರಿಂದ ಬಂದವಳೆಂದು ತಿಳಿದೊಡನೆ ಸೆಮಿನಾರುಗಳಲ್ಲಿ ಯಾರಾದರೊಬ್ಬರು ಅದನ್ನು ನನಗೇ ಹೇಳುತ್ತಾರೆ. ನನಗೆ ಆ ಕತೆಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಅದರಲ್ಲಿ ಹೇಳದ ಸಂಗತಿ. ಕಾರ್ಡು ಒಂದು ಮಗ್ಗದಿಂದ ಇನ್ನೊಂದಕ್ಕೆ ಹೋಗುವುದಿಲ್ಲ. 120 ಹುಕ್ಕಿನ ಜಕಾರ್ಡಿಗೆ ಹೊಡೆದದ್ದು 240 ಹುಕ್ಕಿನದಕ್ಕೆ ಕೂರುವುದಿಲ್ಲ. ಹುಕ್ಕುಗಳು ಅಷ್ಟೇ ಇದ್ದರೂ ದಾರ ಕಟ್ಟಿದ ಕ್ರಮ ಬೇರೆಯಿರಬಹುದು; ಒಂದರಲ್ಲಿ ಮೊದಲ ಹುಕ್ ಎಡದಿಂದ, ಇನ್ನೊಂದರಲ್ಲಿ ಬಲದಿಂದ. ಕೆಲವು ಮಗ್ಗಗಳಲ್ಲಿ, ಎತ್ತುವ ಭಾರ ಕಡಿಮೆಯಾಗಲೆಂದು, ಬಟ್ಟೆಯ ಮುಖವನ್ನು ಕೆಳಗೆ ಮಾಡಿ ನೇಯುತ್ತಾರೆ. ಅಲ್ಲಿಗೆ ಹೊಡೆಯುವಾಗ ತೂತಿನ ಲೆಕ್ಕವೇ ತಿರುವುಮುರುವು.

“ಮಂದಿ ಕಾರ್ಡ ಜ್ವಾಕಿ ಮಾಡತಾರು. ನಾ ಗ್ರಾಫ ಜ್ವಾಕಿ ಮಾಡತೀನಿ ನೋಡವಾ,” ಎಂದಿದ್ದ ಕಾಕಾ ಒಮ್ಮೆ, ಟ್ರಂಕಿನಿಂದ ಹಳದಿ ತಿರುಗಿದ ಹಾಳೆಗಳನ್ನು ತೆಗೆಯುತ್ತ. ಅವುಗಳಲ್ಲಿ ಹುಕ್ಕಿನ ಲೆಕ್ಕ ಇರಲಿಲ್ಲ, ಎಡ-ಬಲದ ಗುರುತೂ ಇರಲಿಲ್ಲ. ಇದ್ದದ್ದು ಹೂವು, ಬಳ್ಳಿ, ನವಿಲು. ಯಾವ ಮಗ್ಗದ ಗಿರಾಕಿ ಬಂದರೂ ಅದೇ ಹಾಳೆಯಿಂದ ಅವನ ಮಗ್ಗಕ್ಕೆ ತಕ್ಕ ಕಾರ್ಡು. ಇದೇ ನಡುರೂಪ ಎಂದು ನನಗೆ ಬಹಳ ಖುಷಿಯಾಯಿತು.

ಕಾಕಾ ಆ ಖುಷಿಗೆ ಸ್ವಲ್ಪ ನೀರು ಬೆರೆಸಿದ. ಗ್ರಾಫಿನ ಹಾಳೆಗಳಲ್ಲೂ ಜಾತಿಗಳಿವೆ. ಚೌಕ ಎಲ್ಲ ಹಾಳೆಯಲ್ಲೂ ನಿಜವಾದ ಚೌಕವಲ್ಲ. ಒಂದು ಇಂಚಿನಲ್ಲಿ ಹಾಸಿನ ಎಳೆ ಎಷ್ಟು, ಹೊಕ್ಕಿನ ಎಳೆ ಎಷ್ಟು ಎಂಬುದರ ಮೇಲೆ ಮನೆಗಳು ಉದ್ದವೋ ಅಗಲವೋ ಆಗುತ್ತವೆ. ಹೊಕ್ಕು ಒತ್ತಾಗಿರುವ ಬಟ್ಟೆಗೆಂದು ಬರೆದ ಗ್ರಾಫನ್ನು ತೆಳು ಬಟ್ಟೆಗೆ ಹಾಕಿದರೆ? “ಕಮಲದ ಹೂ ಹೋಗಿ ಬದನೀಕಾಯಿ ಆಗತೈತಿ.” ಅಂದರೆ ಯಾವ ಮಗ್ಗದ್ದೂ ಅಲ್ಲದ ಗ್ರಾಫ್ ಎಂಬುದು ಪೂರ್ತಿ ನಿಜವಲ್ಲ. ಬಟ್ಟೆಯ ಒಂದಿಷ್ಟು ಲೆಕ್ಕ ಬರೆಯುವಾಗಲೇ ಅದರೊಳಗೆ ಸೇರಿಬಿಟ್ಟಿರುತ್ತದೆ.

ಸಿ ಭಾಷೆಯಲ್ಲಿಯೂ ಹಾಗೆಯೇ. ಜಮಖಂಡಿಯಲ್ಲಿ ಪಿಯುಸಿ ಓದುವಾಗ ನಮ್ಮ ಲ್ಯಾಬಿನಲ್ಲಿ ಟರ್ಬೋ ಸಿ ಇತ್ತು. ‘ಇಂಟ್ ಎಷ್ಟು ಬೈಟ್?’ ಎಂಬ ಪ್ರಶ್ನೆಗೆ ‘2’ ಎಂದು ಬರೆದವರಿಗೆ ಅಂಕ. ಅದು 16 ಬಿಟ್ಟಿನ ಕಾಲದ ಕಂಪೈಲರ್. 32767ಕ್ಕೆ ಒಂದು ಕೂಡಿಸಿದರೆ ಮೈನಸ್ 32768 ಬರುತ್ತಿತ್ತು. ಈಗಿನ ಕಂಪೈಲರುಗಳಲ್ಲಿ ಇಂಟ್ 4 ಬೈಟ್. ಲಾಂಗ್ ಇನ್ನೂ ಚಂಚಲ: ಅದೇ 64 ಬಿಟ್ಟಿನ ಎಕ್ಸ್86 ಮೇಲೆ ಲಿನಕ್ಸಿನಲ್ಲಿ 8 ಬೈಟ್, ವಿಂಡೋಸಿನಲ್ಲಿ 4. ಈ ಅಳತೆಗಳು ಗೊತ್ತಿಲ್ಲದೆ ಕಂಪೈಲರಿನ ಮುಂದಿನ ಅರ್ಧ ಒಂದು ಅರೇಯ ಉದ್ದವನ್ನೂ ಲೆಕ್ಕ ಹಾಕಲಾರದು. ಯಂತ್ರ ಎಂದರೇನೆಂದೇ ಗೊತ್ತಿರಬಾರದಿದ್ದ ಅರ್ಧಕ್ಕೆ ಯಂತ್ರದ ಸುದ್ದಿ ಮೊದಲ ದಿನವೇ ಬೇಕು. ನಾನು ಅಳತೆಗಳ ಒಂದು ಚಿಕ್ಕ ಪಟ್ಟಿ ಮಾಡಿ ಮುಂದಿನ ಅರ್ಧದ ಕೈಗೆ ಕೊಟ್ಟೆ. ಸೋರುವುದು ಹೇಗೂ ಸೋರುತ್ತದೆ. ಒಂದೇ ಕಡೆ ಸೋರಿದರೆ ಬಕೆಟ್ ಇಡಬಹುದು.

ಎರಡು ಯಂತ್ರಗಳಿದ್ದಾಗ ಒಂದು ಮೋಸ ಇದೆ. ಎರಡರಲ್ಲೂ ಒಂದೇ ಥರ ಕಂಡದ್ದು ಜಗತ್ತಿನ ನಿಯಮವೆಂದೇ ತೋರುತ್ತದೆ. ಎಕ್ಸ್86ರಲ್ಲಿ ‘ಎ ಬಿಗಿಂತ ಚಿಕ್ಕದಾದರೆ ಅಲ್ಲಿಗೆ ಜಿಗಿ’ ಎನ್ನಲು ಎರಡು ಆದೇಶ ಬೇಕು. ಮೊದಲನೆಯದು ಹೋಲಿಸಿ, ಫಲಿತಾಂಶವನ್ನು ಫ್ಲ್ಯಾಗ್ ಎಂಬ ಗುಪ್ತ ಜಾಗದಲ್ಲಿ ಇಡುತ್ತದೆ. ಎರಡನೆಯದು ಆ ಫ್ಲ್ಯಾಗ್ ನೋಡಿ ಜಿಗಿಯುತ್ತದೆ. ಆರ್ಮ್‌ನಲ್ಲೂ ಹಾಗೆಯೇ. ಹಾಗಾಗಿ ನಡುರೂಪದಲ್ಲೂ ‘ಹೋಲಿಸು’ ಬೇರೆ, ‘ಜಿಗಿ’ ಬೇರೆ ಎಂದು ಇಡುವುದು ಸಹಜ. ರಿಸ್ಕ್-ಫೈವ್‌ನಲ್ಲಿ ಫ್ಲ್ಯಾಗೇ ಇಲ್ಲ. ಅಲ್ಲಿ ಹೋಲಿಸುವುದೂ ಜಿಗಿಯುವುದೂ ಒಂದೇ ಆದೇಶ. ಎರಡು ಯಂತ್ರಗಳ ಮೇಲೆ ಕಟ್ಟಿದ ಆ ಸಾಮ್ಯ ಮೂರನೆಯದರ ಮುಂದೆ ನಿಲ್ಲಲಿಲ್ಲ. ಈಗ ನನ್ನ ನಡುರೂಪದಲ್ಲಿ ‘ಹೋಲಿಸಿ ಜಿಗಿ’ ಎಂಬುದು ಒಂದೇ ಮಾತು. ಎಕ್ಸ್86 ಮತ್ತು ಆರ್ಮ್ ಅದನ್ನು ತಮ್ಮಲ್ಲಿಗೆ ಬಂದ ಮೇಲೆ ಎರಡಾಗಿ ಒಡೆದುಕೊಳ್ಳುತ್ತವೆ. ಒಂದಾಗಿದ್ದನ್ನು ಒಡೆಯುವುದು ಸುಲಭ. ಒಡೆದು ದೂರ ದೂರ ಇಟ್ಟದ್ದನ್ನು ಹುಡುಕಿ ಕೂಡಿಸುವುದು ಕಷ್ಟ.

ಆದೇಶಗಳ ಉಳಿದ ವ್ಯತ್ಯಾಸಗಳು ಕಿರಿಕಿರಿ ಮಾಡುತ್ತವೆ, ಹೆದರಿಸುವುದಿಲ್ಲ. ಎಕ್ಸ್86ರಲ್ಲಿ ಎ ಮತ್ತು ಬಿ ಕೂಡಿಸಿದರೆ ಉತ್ತರ ಎ ಮೇಲೆಯೇ ಕೂತು ಹಳೆಯ ಎ ಅಳಿಸಿಹೋಗುತ್ತದೆ. ಉಳಿದೆರಡರಲ್ಲಿ ಉತ್ತರಕ್ಕೆ ಬೇರೆ ಜಾಗ ಹೇಳಬಹುದು. ರಿಸ್ಕ್-ಫೈವ್‌ನಲ್ಲಿ ಕೂಡಿಸುವ ಆದೇಶದೊಳಗೆ ಮೈನಸ್ 2048ರಿಂದ 2047ರವರೆಗಿನ ಸಂಖ್ಯೆ ಮಾತ್ರ ಹಿಡಿಸುತ್ತದೆ. 4095 ಬೇಕೆಂದರೆ ಮೊದಲು 4096 ಇಟ್ಟು, ಆಮೇಲೆ ಒಂದು ಕಳೆಯಬೇಕು. ನಮ್ಮ ಸಂತೆಯಲ್ಲಿ ಚಿಲ್ಲರೆ ಇಲ್ಲದಾಗ ಮಾಡುವುದೂ ಇದನ್ನೇ.

ಹೆದರಿಸುವುದು ಬೇರೆ: ಒಪ್ಪಂದಗಳು. ಒಂದು ಫಂಕ್ಷನ್ ಇನ್ನೊಂದನ್ನು ಕರೆಯುವಾಗ ಕೊಡುವ ಸರಕನ್ನು ಎಲ್ಲಿಡಬೇಕು, ಉತ್ತರ ಎಲ್ಲಿ ಸಿಗುತ್ತದೆ, ಯಾರು ಯಾವ ರಿಜಿಸ್ಟರನ್ನು ಕೆಡಿಸಬಾರದು, ವಾಪಸು ಹೋಗುವ ವಿಳಾಸ ಎಲ್ಲಿರುತ್ತದೆ – ಇವೆಲ್ಲ ಪ್ರೊಸೆಸರಿನ ಕಟ್ಟಳೆ ಅನ್ನುವುದಕ್ಕಿಂತ ಜನ ಕೂತು ಮಾಡಿಕೊಂಡ ಕರಾರು. ಲಿನಕ್ಸಿನ ಎಕ್ಸ್86ರಲ್ಲಿ ಮೊದಲ 6 ಪೂರ್ಣಾಂಕಗಳು ರಿಜಿಸ್ಟರಿನಲ್ಲಿ, ಏಳನೆಯದರಿಂದ ಸ್ಟ್ಯಾಕಿನಲ್ಲಿ. ಆರ್ಮ್ ಮತ್ತು ರಿಸ್ಕ್-ಫೈವ್‌ನಲ್ಲಿ ಮೊದಲ 8. ಎಕ್ಸ್86ರಲ್ಲಿ ವಾಪಸು ವಿಳಾಸ ತಾನಾಗಿಯೇ ಸ್ಟ್ಯಾಕಿಗೆ ಹೋಗುತ್ತದೆ. ಉಳಿದೆರಡರಲ್ಲಿ ಒಂದು ರಿಜಿಸ್ಟರಿನಲ್ಲಿರುತ್ತದೆ, ಮತ್ತೊಬ್ಬರನ್ನು ಕರೆಯುವ ಮೊದಲು ನಾವೇ ಎತ್ತಿಟ್ಟುಕೊಳ್ಳಬೇಕು. ಕರಾರಿನಲ್ಲಿ ಒಂದಕ್ಷರ ತಪ್ಪಿದರೂ ನನ್ನ ಕಂಪೈಲರ್ ಹೊರಗಿನ ಲೈಬ್ರರಿಯ ಜತೆ ಮಾತಾಡಲಾರದು. ತನ್ನೊಳಗೆ ತಾನು ಎಷ್ಟು ಸರಿಯಿದ್ದರೂ ಪ್ರಯೋಜನವಿಲ್ಲ.

ಇದನ್ನು ಬರೆಯುವಾಗೆಲ್ಲ ನನಗೆ ಬೀಳಗಿ ತಾಲೂಕಿನ ನಮ್ಮ ಸೋದರತ್ತೆಯ ನೆನಪು. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದವಳು. ಹೊಸ ಮನೆಯ ಒಳಗೆ ಅಡುಗೆಮನೆ, ಜಗಲಿ, ದೇವರ ಗೂಡು ಎಲ್ಲ ಹಳೆಯ ಮನೆಯ ಅಳತೆಯಲ್ಲೇ ಕಟ್ಟಿಸಿದಳು. “ಮನೀ ಅದೇ ಐತಿ, ಆದ್ರ ಮಸರ ಯಾವ ಗ್ವಾಡಿ ಮ್ಯಾಲಿಂದ ಕೊಡಬೇಕು ತಿಳಿವಲ್ದು,” ಎನ್ನುತ್ತಿದ್ದಳು. ಹಳೆಯ ಊರಿನಲ್ಲಿ ಯಾರ ಹಿತ್ತಿಲಿಂದ ಯಾರ ಹಿತ್ತಿಲಿಗೆ ಏನು ದಾಟುತ್ತದೆಂಬುದು ತಲೆಮಾರುಗಳ ಕರಾರಾಗಿತ್ತು. ಸರಕಾರದ ಸೈಟಿನ ನಂಬರಿನಲ್ಲಿ ಅದು ಇರಲಿಲ್ಲ.

ಕರಾರುಗಳಲ್ಲಿ ಅತ್ಯಂತ ಕಿಡಿಗೇಡಿಯಾದದ್ದು ಪ್ರಿಂಟ್‌ಎಫ್‌ನಂಥ ಫಂಕ್ಷನ್ನಿನದು: ಎಷ್ಟು ಸರಕು ಬರುತ್ತದೆಂದು ಮೊದಲೇ ಗೊತ್ತಿರದ ಮನೆ. ಬಂದದ್ದನ್ನು ಒಂದೊಂದಾಗಿ ತೆಗೆದುಕೊಳ್ಳಲು ಲೆಕ್ಕದ ಚೀಟಿಯೊಂದು ಬೇಕು. ಲಿನಕ್ಸಿನ ಎಕ್ಸ್86ರಲ್ಲಿ ಆ ಚೀಟಿಗೆ 4 ಖಾನೆ. ಆರ್ಮ್‌ನಲ್ಲಿ 5. ರಿಸ್ಕ್-ಫೈವ್‌ನಲ್ಲಿ ಚೀಟಿಯೇ ಇಲ್ಲ, ಬರೀ ಒಂದು ಪಾಯಿಂಟರ್. ದಶಾಂಶ ಸಂಖ್ಯೆಗಳೂ ಅಲ್ಲಿ ಪೂರ್ಣಾಂಕಗಳ ರಿಜಿಸ್ಟರಿನಲ್ಲೇ ಬರುತ್ತವೆ. ಈ ಒಂದು ವಿಷಯದಲ್ಲಿ ರಿಸ್ಕ್-ಫೈವ್ ಮಾಡಿದವರಿಗೆ ನಾನು ಕೈ ಮುಗಿಯುತ್ತೇನೆ.

ಪರೀಕ್ಷೆ ಬರೆಯುವುದನ್ನೂ ಇಲ್ಲಿಯೇ ಕಲಿತೆ. ಎರಡು ಸಂಖ್ಯೆ ಕೊಟ್ಟು ಕೂಡಿಸು ಎಂದರೆ, ಸಂಖ್ಯೆಗಳು ಅದಲುಬದಲಾಗಿ ಹೋದರೂ ಉತ್ತರ ಸರಿಯೇ ಬರುತ್ತದೆ. ಕಳೆ ಎಂದರೆ ಗುಟ್ಟು ಹೊರಬೀಳುತ್ತದೆ. ನನ್ನ ಪರೀಕ್ಷೆಗಳಲ್ಲಿ ಈಗ 9 ಬೇರೆ ಬೇರೆ ಸಂಖ್ಯೆಗಳು ಹೋಗುತ್ತವೆ, ಬರೀ ಕಳೆಯುವ ಲೆಕ್ಕ. ಒಂಬತ್ತೇ ಏಕೆಂದರೆ, ಎಂಟು ರಿಜಿಸ್ಟರುಗಳಿರುವ ಮನೆಯಲ್ಲೂ ಒಂದಾದರೂ ಹೊರಗೆ ನಿಲ್ಲಲಿ ಎಂದು.

ಕನ್ನಡವೇ ಹಿಡಿದುಕೊಟ್ಟ ವ್ಯತ್ಯಾಸವೊಂದಿದೆ. ‘ಕ’ ಎಂಬ ಅಕ್ಷರ ಯುಟಿಎಫ್-8ರಲ್ಲಿ ಮೂರು ಬೈಟುಗಳಾಗಿ ಕೂರುತ್ತದೆ. ಅದರ ಮೊದಲ ಬೈಟನ್ನು ಕ್ಯಾರ್ ಎಂದು ಓದಿ ಸಂಖ್ಯೆಯಾಗಿ ತೋರಿಸು ಎಂದರೆ ಲಿನಕ್ಸಿನ ಎಕ್ಸ್86 ‘ಮೈನಸ್ 32’ ಎನ್ನುತ್ತದೆ; ಆರ್ಮ್, ರಿಸ್ಕ್-ಫೈವ್ ‘224’ ಎನ್ನುತ್ತವೆ. ಕ್ಯಾರ್‌ಗೆ ಋಣಚಿಹ್ನೆ ಉಂಟೋ ಇಲ್ಲವೋ ಎಂಬುದನ್ನು ಸಿ ನಿಯಮಪುಸ್ತಕ ಆಯಾ ಕಂಪೈಲರಿಗೇ ಬಿಟ್ಟಿದೆ, ಒಂದೊಂದು ಯಂತ್ರದ ಕರಾರು ಒಂದೊಂದು ಕಡೆ ವಾಲಿದೆ. ಇಂಗ್ಲಿಷ್ ಅಕ್ಷರಗಳೆಲ್ಲ 127ರೊಳಗೇ ಇರುವುದರಿಂದ ಅವರಿಗೆ ಇದು ವರ್ಷಗಟ್ಟಲೆ ಕಣ್ಣಿಗೆ ಬೀಳದೆ ಹೋಗಬಹುದು. ಕನ್ನಡದಲ್ಲಿ ಮೊದಲ ಅಕ್ಷರಕ್ಕೇ ಬೀಳುತ್ತದೆ. ಅಂದಿನಿಂದ ನನ್ನ ಪರೀಕ್ಷೆಯ ಸರಕೆಲ್ಲ ಕನ್ನಡದಲ್ಲೇ ಇದೆ. ಭಾಷಾಭಿಮಾನ ಅಂದುಕೊಂಡರೂ ಸರಿ.

ಹಿಂದಿನವರು ಈ ಕತ್ತರಿಯನ್ನು ಎಲ್ಲೆಲ್ಲಿ ಇಟ್ಟರು ಎಂದು ಓದಿದರೆ ಅವರ ಸ್ವಭಾವವೇ ಕಾಣುತ್ತದೆ. ರಾನ್ ಕೇನ್ 1980ರಲ್ಲಿ ‘ಡಾ. ಡಾಬ್ಸ್ ಜರ್ನಲ್’ನಲ್ಲಿ ಅಚ್ಚು ಮಾಡಿಸಿದ ಸ್ಮಾಲ್-ಸಿಗೆ ಇದ್ದದ್ದು ಒಂದೇ ಗುರಿ, 8080 ಪ್ರೊಸೆಸರ್. ಕತ್ತರಿಯ ಪ್ರಶ್ನೆಯೇ ಇಲ್ಲ. ಅದಕ್ಕೆ ಮೊದಲೇ ಬೆಲ್ ಲ್ಯಾಬ್ಸಿನ ಸ್ಟೀಫನ್ ಜಾನ್ಸನ್ ಪೋರ್ಟಬಲ್ ಸಿ ಕಂಪೈಲರ್ ಬರೆದು, ಸಿ ಭಾಷೆಯನ್ನು ಅದು ಹುಟ್ಟಿ ಬೆಳೆದ ಪಿಡಿಪಿ-11ರಿಂದ ಬೇರೆ ಯಂತ್ರಗಳಿಗೆ ದಾಟಿಸಿದ್ದರು. ಫ್ರೇಸರ್ ಮತ್ತು ಹ್ಯಾನ್ಸನ್ ತಮ್ಮ ಎಲ್‌ಸಿಸಿಯ ಕೋಡನ್ನೇ 1995ರಲ್ಲಿ ಒಂದು ಪುಸ್ತಕವಾಗಿ ತಂದರು – ಮಿಪ್ಸ್, ಸ್ಪಾರ್ಕ್, ಎಕ್ಸ್86 ಮೂರು ಯಂತ್ರ, ಓದಲೆಂದೇ ಬರೆದ ಕಂಪೈಲರ್. ಕೆನ್ ಥಾಂಪ್ಸನ್ ಪ್ಲ್ಯಾನ್ 9ಗಾಗಿ ಬರೆದವುಗಳಲ್ಲಿ ಯಂತ್ರಕ್ಕೊಂದು ಬೇರೆ ಕಂಪೈಲರೇ ಇದೆ, ಇಂಟೆಲ್ 386ಗೆ 8ಸಿ, ಆರ್ಮ್‌ಗೆ 5ಸಿ. ನಡುವೆ ಹಂಚಿಕೊಂಡದ್ದು ಹಂಚಿಕೊಂಡಷ್ಟೇ. ಫಾಬ್ರಿಸ್ ಬೆಲ್ಲಾರ್ ಟೈನಿ ಸಿ ಕಂಪೈಲರ್ ಶುರುಮಾಡಿದವರು; ಎಕ್ಸ್86 ಮೇಲೆ ಬೇರೆ ಯಂತ್ರದ ಪ್ರೋಗ್ರಾಮುಗಳನ್ನು ಓಡಿಸುವ ಕ್ಯೂಎಮುವನ್ನೂ ಶುರುಮಾಡಿದವರು ಅವರೇ. ರಿಸ್ಕ್-ಫೈವ್ ಬೋರ್ಡು ಕೊಳ್ಳುವ ಮುನ್ನ ನಾನು ಆರು ತಿಂಗಳು ಕಳೆದದ್ದು ಆ ಕ್ಯೂಎಮುವಿನೊಳಗೆ.

ರಿಸ್ಕ್-ಫೈವ್ ಯಾಕೆ ಬೇಕಿತ್ತು? ಎರಡು ಸಾಕಿತ್ತಲ್ಲ? 2010ರಲ್ಲಿ ಬರ್ಕ್ಲಿಯಲ್ಲಿ ಹುಟ್ಟಿದ ಇದರ ಆದೇಶಗಳ ಪಟ್ಟಿ ಯಾರ ಖಾಸಗಿ ಆಸ್ತಿಯೂ ಅಲ್ಲ. ಪರವಾನಗಿ ಶುಲ್ಕವಿಲ್ಲದೆ ಯಾರೂ ಪ್ರೊಸೆಸರ್ ಮಾಡಬಹುದು. ಐಐಟಿ ಮದ್ರಾಸಿನ ಶಕ್ತಿ, ಸಿ-ಡ್ಯಾಕಿನ ವೇಗಾ ಪ್ರೊಸೆಸರುಗಳು ಇದೇ ಜಾತಿಯವು. ಇಸ್ರೋ ತನ್ನ ರಾಕೆಟ್ಟುಗಳಿಗಾಗಿ ಮೊಹಾಲಿಯಲ್ಲಿ ಮಾಡಿಸಿದ ವಿಕ್ರಮ್ 3201ರ ದಾರಿಯೇ ಬೇರೆ. 2025ರಲ್ಲಿ ಅದರ ಸುದ್ದಿ ಓದುವಾಗ ನನ್ನ ಕಣ್ಣು ನಿಂತದ್ದು ಒಂದು ಚಿಕ್ಕ ಸಾಲಿನ ಮೇಲೆ: ಏಡಾ ಭಾಷೆಯ ಕಂಪೈಲರ್ ಸಿದ್ಧವಿದೆ, ಸಿ ಕಂಪೈಲರ್ ತಯಾರಾಗುತ್ತಿದೆ. ಹೊಸ ಮಗ್ಗ ಬಂದಾಗ ಅದಕ್ಕೆ ಕಾರ್ಡು ಹೊಡೆಯುವವರು ಬೇಕೇ ಬೇಕು. ಇಲ್ಲೇ ಪ್ರೊಸೆಸರುಗಳು ಹುಟ್ಟುವುದಾದರೆ, ಕಂಪೈಲರಿನ ಹಿಂದಿನ ಅರ್ಧ ಬರೆಯಬಲ್ಲವರೂ ಇಲ್ಲೇ ಹುಟ್ಟಬೇಕು. ಅವರಿಗೆ ಓದಿ ಕಲಿಯಲು ಚಿಕ್ಕದೊಂದು ಬೇಕು. ಗೈಡ್‌ಗೆ ನಾನು ಕೊಟ್ಟ ಉತ್ತರ ಇಷ್ಟೇ. ಅವರು ಪೂರ್ತಿ ಒಪ್ಪಿದ್ದಾರೆಂದು ನನಗನಿಸುವುದಿಲ್ಲ, ಆದರೆ ಸಹಿ ಹಾಕಿದರು.

ಸಾಲುಗಳ ಗೆರೆಯ ವಿಷಯಕ್ಕೆ ಬಂದರೆ, ಮೂರೂ ಹಿಂದಿನರ್ಧಗಳನ್ನು ಒಂದರ ಪಕ್ಕ ಒಂದಿಟ್ಟರೆ ಅರ್ಧಕ್ಕರ್ಧ ಒಂದೇ ಥರ ಕಾಣುತ್ತವೆ. ಅವನ್ನೆಲ್ಲ ಒಂದೇ ಕಡೆ ಸೇರಿಸಿ, ‘ಯಂತ್ರ ಇದಾದರೆ ಹೀಗೆ, ಅದಾದರೆ ಹಾಗೆ’ ಎಂದು ಬರೆಯುವ ಆಸೆ ಬಲವಾಗಿರುತ್ತದೆ. ಸಾಲುಗಳೂ ಉಳಿಯುತ್ತವೆ. ಹಾಗೆ ಮಾಡಿಯೂ ನೋಡಿದೆ. ಆದರೆ ಆರ್ಮ್ ಹೇಗೆ ನಡೆಯುತ್ತದೆಂದು ತಿಳಿಯಬೇಕಾದವಳು ಎಕ್ಸ್86ರ ಚಾಳಿಗಳನ್ನೆಲ್ಲ ದಾಟಿ ದಾಟಿ ಓದಬೇಕಾಗುತ್ತದೆ. ಕೊನೆಗೆ ಮೂರು ಬೇರೆ ಕಡತಗಳು, ಒಂದೊಂದೂ ಮೊದಲಿಂದ ಕೊನೆಯವರೆಗೆ ಒಂದೇ ಯಂತ್ರದ ಕತೆ. ಅದೇ ಮಾತು ಮೂರು ಸಲ ಬರುತ್ತದೆ, ಬರಲಿ. ವಿಮರ್ಶಕರೊಬ್ಬರು ಇದನ್ನು ‘ಪುನರುಕ್ತಿ’ ಎಂದು ಬರೆದು ಕಳಿಸಿದ್ದಾರೆ. ಸದ್ಯ 9,400 ಸಾಲು. ನಾಲ್ಕನೆಯ ಯಂತ್ರವನ್ನು ಯಾರಾದರೂ ಕೇಳಿದರೆ, ಮೂರನ್ನು ಓದಿ ನೀವೇ ಬರೆಯಿರಿ ಎನ್ನುವವಳಿದ್ದೇನೆ.

ಈ ದೀಪಾವಳಿಗೆ ಊರಿಗೆ ಹೋದಾಗ ಬನಹಟ್ಟಿಯ ಒಬ್ಬ ಮಾಲಕರು ಎಲೆಕ್ಟ್ರಾನಿಕ್ ಜಕಾರ್ಡ್ ತರಿಸಿದ್ದರು. ಕಾರ್ಡೇ ಇಲ್ಲ, ಪೆನ್‌ಡ್ರೈವಿನಲ್ಲಿ ಫೈಲು. ಕಾಕಾನ ಹಳೆಯ ಗ್ರಾಫನ್ನೇ ಸ್ಕ್ಯಾನ್ ಮಾಡಿ, ಮನೆ ಮನೆ ತಿದ್ದಿ ಫೈಲು ಮಾಡಿಸಿದ್ದರು. ಮೊದಲ ಹುಕ್ ಎಡದ್ದೋ ಬಲದ್ದೋ ಎಂಬುದು ಅಂಗಡಿಯಲ್ಲಿದ್ದ ಯಾರಿಗೂ ತಿಳಿದಿರಲಿಲ್ಲ. ಹಾಕಿದ ಕಮಲದ ಬೂಟಾ ಎಡಕ್ಕೂ ಬಲಕ್ಕೂ ಒಂದೇ ಥರ ಇತ್ತು. “ಕಾಕಾ, ಗಿಣಿ ಹಾಕು,” ಎಂದೆ. ಕಾಕಾ ನನ್ನ ಮುಖ ನೋಡಿ ನಕ್ಕ. ಗಿಣಿಗೆ ಒಂದೇ ಕಡೆ ಮೂಗು, ಒಂದೇ ಕಡೆ ಬಾಲ. ಗ್ರಾಫಿನಲ್ಲಿ ಅದು ಎಡಕ್ಕೆ ನೋಡುತ್ತಿತ್ತು. ನಾಲ್ಕು ಬೆರಳಷ್ಟು ನೇಯ್ದ ಮೇಲೆ ನೋಡಿದರೆ ಬಲಕ್ಕೆ. ಮಾಲಕರು ಫೈಲು ಮಾಡಿದ ಹುಡುಗನಿಗೆ ಫೋನು ಹಚ್ಚಲು ಹೊರಟರು. ಕಾಕಾ ಅವರನ್ನು ತಡೆದು, ಮೊಬೈಲಿನ ಟಾರ್ಚ್ ಹಚ್ಚಿಕೊಂಡು ಮಗ್ಗದ ಕೆಳಗೆ ಬಗ್ಗಿದ.

“ಬಟ್ಟೀ ಮುಖ ಕೆಳಗೈತ್ರಿ. ಇಲ್ಲಿಂದ ಎಡಕ್ಕ ನೋಡಾಕತ್ತೈತಿ. ಬರೋಬ್ಬರಿ ಐತಿ.”

ಆಮೇಲೆ ಚಹಾ ಬಂತು, ಮಜೂರಿಯ ಮಾತೂ ಬಂತು. ಇಷ್ಟು ವರ್ಷ ಕಾಕಾ ದುಡ್ಡು ಎಣಿಸುತ್ತಿದ್ದದ್ದು ಕಾರ್ಡಿಗಿಷ್ಟು ಎಂದು. ಈಗ ಕಾರ್ಡೇ ಇಲ್ಲದ ಮೇಲೆ ಗ್ರಾಫಿಗೆ ಎಷ್ಟೆಂದು ಕೇಳಬೇಕು, ಅದೇ ಗ್ರಾಫು ನಾಳೆ ಇನ್ನೊಂದು ಮಗ್ಗಕ್ಕೆ ಹೋದರೆ ಮತ್ತೆ ಕೇಳಬಹುದೋ ಇಲ್ಲವೋ ಎಂದು ಅವನಿಗೂ ತಿಳಿಯಲಿಲ್ಲ, ಮಾಲಕರಿಗೂ ತಿಳಿಯಲಿಲ್ಲ. ನಾನು ಮುಧೋಳದ ಬಸ್ಸಿಗೆ ಹೊರಟಾಗಲೂ ಇಬ್ಬರೂ ಅದನ್ನೇ ಮಾತಾಡುತ್ತಿದ್ದರು.